ತೆರೆದ ಗಡಿಗೆ ಬರೆದ ಕಾನೂನು ಬೇಕು

ಚಳಿಗಾಲ ಬಂದರೆ ಕರ್ನಾಟಕದ ಪಟ್ಟಣಗಳಲ್ಲಿ ಟಿಬೆಟನ್ನರ ಸ್ವೆಟರ್ ಅಂಗಡಿಗಳು ಏಳುತ್ತವೆ. ಅದೇ ಪಟ್ಟಣಗಳಲ್ಲಿ ರಾತ್ರಿ ಕಾವಲು ಕಾಯುವವರಲ್ಲಿ, ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವವರಲ್ಲಿ ನೇಪಾಳದವರೂ ಇದ್ದಾರೆ. ಇಂಥ ಇಬ್ಬರು ತುಮಕೂರಿನ ಉಪ್ಪಾರಹಳ್ಳಿಗೆ ಬಾಡಿಗೆ ಕೋಣೆ ಹುಡುಕಿಕೊಂಡು ಬಂದರು ಎಂದಿಟ್ಟುಕೊಳ್ಳೋಣ. ಹೋದ ವಾರವಷ್ಟೇ ಗಡಿ ದಾಟಿದ ನೇಪಾಳಿಗೆ ವೀಸಾದ ಹಂಗಿಲ್ಲ. ಇಲ್ಲಿರಲು, ದುಡಿಯಲು ತಡೆಯಿಲ್ಲ. ಬೈಲುಕುಪ್ಪೆಯಲ್ಲೇ ಹುಟ್ಟಿ, ಕನ್ನಡ ಕಲಿತು ಬೆಳೆದ ಟಿಬೆಟನ್ ಹುಡುಗ ಮಾತ್ರ ಕಾನೂನಿನ ಲೆಕ್ಕದಲ್ಲಿ ಇನ್ನೂ ವಿದೇಶಿ. ಅವನು ನೋಂದಣಿ ಪತ್ರ ಇಟ್ಟುಕೊಂಡಿರಬೇಕು, ಅವಧಿ ಮುಗಿದಾಗಲೆಲ್ಲ ನವೀಕರಿಸಿಕೊಳ್ಳಬೇಕು.

ನೇಪಾಳಿಗೆ ಸಿಕ್ಕಿದ್ದು ಹೆಚ್ಚಾಯಿತೆಂದು ನಾನು ಹೇಳುತ್ತಿಲ್ಲ. ಅವನಿಗೆ ಸಿಕ್ಕಿರುವುದು ನ್ಯಾಯವೇ, ಅದಕ್ಕೆ ಬರವಣಿಗೆಯ ಆಧಾರವೂ ಇದೆ. 1950ರ ಜುಲೈ 31ರಂದು ಸಹಿಯಾದ ಭಾರತ-ನೇಪಾಳ ಶಾಂತಿ ಮತ್ತು ಮೈತ್ರಿ ಒಪ್ಪಂದದ 7ನೇ ವಿಧಿಯು ವಾಸ, ಆಸ್ತಿ, ವ್ಯಾಪಾರ, ಓಡಾಟಗಳಲ್ಲಿ ಪರಸ್ಪರರ ಪ್ರಜೆಗಳಿಗೆ ತಮ್ಮವರಿಗಿರುವ ಸವಲತ್ತನ್ನೇ ಕೊಡುವ ಮಾತಾಡುತ್ತದೆ. 1,700 ಕಿಲೋಮೀಟರಿಗೂ ಉದ್ದದ ಆ ಗಡಿ ಏಳು ದಶಕಗಳಿಂದ ಬಹುಮಟ್ಟಿಗೆ ತೆರೆದೇ ಇದೆ. ಅದರಿಂದ ಭಾರತವೇನೂ ಮುಳುಗಿಹೋಗಿಲ್ಲ. ಆದರೆ ಆ ಒಪ್ಪಂದ ಎರಡು ದೇಶಗಳ ಪ್ರಜೆಗಳಿಗಷ್ಟೇ ಸೇರಿದ್ದು. ಜೀವ ಉಳಿಸಿಕೊಳ್ಳಲು ದೇಶ ಬಿಟ್ಟು ಬಂದವರಿಗೆ ಅಂಥ ಒಂದು ಸಾಲೂ ನಮ್ಮಲ್ಲಿಲ್ಲ. ಗಡಿ ತೆರೆದಿಡುವ ದೇಶಕ್ಕೆ ಆಶ್ರಯದ ಕಾನೂನೂ ಇರಲೇಬೇಕು. ಅದಿಲ್ಲದಿದ್ದರೆ ಔದಾರ್ಯವೂ ನಿಲ್ಲದು, ಗಡಿಯೂ ತೆರೆದಿರದು ಎಂಬುದು ನನ್ನ ವಾದ.

ಔದಾರ್ಯದಲ್ಲಿ ಕರ್ನಾಟಕ ಹಿಂದೆ ಬಿದ್ದ ನಾಡಲ್ಲ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ, ಅವರ ಹಿಂದೆ ಬಂದವರಿಗೆ ಅಂದಿನ ಮೈಸೂರು ರಾಜ್ಯ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯದಲ್ಲೂ ನೆಲೆಗಳಾದವು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಜಾಗ ಸಿಕ್ಕಿತು. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳರಿಗೆ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ನೆಲ, ನೀರು ಹಂಚಿಕೊಂಡ ಈ ಊರುಗಳ ಜನರನ್ನು ನೆನೆದರೆ ಹೆಮ್ಮೆಯಾಗುತ್ತದೆ.

ಆದರೆ ಇದೆಲ್ಲ ನಡೆದದ್ದು ಆಯಾ ಹೊತ್ತಿನ ಸರ್ಕಾರದ ಆದೇಶದಿಂದ. ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂತು. ನಿರಾಶ್ರಿತ ಯಾರು ಎಂಬುದನ್ನು ಅದೂ ಹೇಳಲಿಲ್ಲ. ಪರಿಣಾಮ ಒಂದೇ ಮನೆಯೊಳಗೆ ಕಾಣುತ್ತದೆ. 1987ರ ಜುಲೈ 1ಕ್ಕೆ ಮುಂಚೆ ಇಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ತಂದೆತಾಯಿ ಇಬ್ಬರೂ ಟಿಬೆಟಿನಲ್ಲಿ ಹುಟ್ಟಿದವರಾದರೆ, 1986ರಲ್ಲಿ ಹುಟ್ಟಿದ ಅಣ್ಣ ಭಾರತೀಯ, 1988ರಲ್ಲಿ ಹುಟ್ಟಿದ ತಮ್ಮ ವಿದೇಶಿ. ಬೇರೆ ನಿರಾಶ್ರಿತರ ಪಾಡು ಇನ್ನೂ ಕಷ್ಟ. ಬದುಕುವ ಹಕ್ಕು ಪ್ರಜೆಯಲ್ಲದವರಿಗೂ ಇದೆ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಚಕ್ಮಾ ಜನರ ಪ್ರಕರಣದಲ್ಲಿ ಎತ್ತಿಹಿಡಿಯಿತು. 2021ರಲ್ಲಿ ರೋಹಿಂಗ್ಯಾಗಳ ಪ್ರಕರಣದಲ್ಲಿ ಅದೇ ಕೋರ್ಟ್, ಗಡೀಪಾರು ಆಗದಿರುವ ಹಕ್ಕು ಪ್ರಜೆಗಳಿಗೆ ಮಾತ್ರ ಎಂದಿತು. ಸಂಸತ್ತು ಬರೆಯಬೇಕಾದ ಕಾನೂನನ್ನು ನ್ಯಾಯಾಲಯಗಳು ಒಂದೊಂದೇ ಪ್ರಕರಣದಲ್ಲಿ ಹುಡುಕಬೇಕಾಗಿದೆ.

ತೆರೆದ ಗಡಿಗೂ ಆಶ್ರಯಕ್ಕೂ ಇರುವ ನಂಟನ್ನು ಯುರೋಪ್ ಬೆಲೆ ತೆತ್ತು ಕಲಿತಿದೆ. ಒಳಗಡಿ ತೆರೆಯುವ ಒಪ್ಪಂದಕ್ಕೆ 1985ರಲ್ಲಿ ಐದು ದೇಶಗಳು ಷೆಂಗೆನ್‌ನಲ್ಲಿ ಸಹಿ ಹಾಕಿದವು. 1995ರಲ್ಲಿ ಒಳಗಡಿಗಳ ತಪಾಸಣೆ ನಿಂತಿತು. ಒಳಗೆ ಓಡಾಟ ಮುಕ್ತವಾದರೆ ಹೊರಗಿಂದ ಆಶ್ರಯ ಕೇಳಿ ಬಂದವರ ಹೊಣೆ ಯಾರದು ಎಂಬ ಪ್ರಶ್ನೆ ಅದಕ್ಕೂ ಮೊದಲೇ ಎದ್ದಿತ್ತು. 1990ರ ಡಬ್ಲಿನ್ ಒಪ್ಪಂದ ಆ ಹೊಣೆಯನ್ನು ಬಹುಮಟ್ಟಿಗೆ ಮೊದಲು ಕಾಲಿಟ್ಟ ದೇಶಕ್ಕೇ ಕಟ್ಟಿತು. 2015ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿ ಬಂದಾಗ ಗ್ರೀಸ್, ಇಟಲಿ ಕುಸಿದವು. ಜರ್ಮನಿ, ಆಸ್ಟ್ರಿಯಾ ಗಡಿ ತಪಾಸಣೆಯನ್ನು ಮತ್ತೆ ತಂದವು. ಜನರನ್ನು ತೆಗೆದುಕೊಳ್ಳಿ, ಇಲ್ಲವೇ ಹಣ ಕೊಟ್ಟಾದರೂ ಭಾರ ಹಂಚಿಕೊಳ್ಳಿ ಎಂಬ ನಿಯಮಕ್ಕೆ ಯುರೋಪ್ ಬಂದು ಮುಟ್ಟಿದ್ದು 2024ರಲ್ಲಿ.

ಅಷ್ಟು ದೂರ ಯಾಕೆ, ಕೇರಳ ಗಡಿಯ ನಮ್ಮ ತಲಪಾಡಿಯನ್ನೇ ನೋಡಿ. 2020ರ ಮಾರ್ಚ್‌ನಲ್ಲಿ ಕೊರೊನಾ ಭಯಕ್ಕೆ ಕರ್ನಾಟಕ ಕಾಸರಗೋಡಿನ ದಾರಿಗಳನ್ನು ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಚಿಕಿತ್ಸೆ ಸಿಗದೆ ಪ್ರಾಣ ಬಿಟ್ಟ ಸುದ್ದಿಗಳು ಬಂದವು. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ತಡೆ ತೆಗೆಸುವಂತೆ ಕೇಂದ್ರಕ್ಕೆ ಆದೇಶಿಸಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು, ಕೊನೆಗೆ ರೋಗಿಗಳಿಗೆ ದಾರಿ ತೆರೆಯಿತು. ಕಾಸರಗೋಡಿನವರಿಗೆ ಕೋರ್ಟಿನ ಮುಂದಿಡಲು ಸಂವಿಧಾನವಿತ್ತು. ಅದೇ ದಿನಗಳಲ್ಲಿ ನೇಪಾಳದ ಗಡಿಯೂ ಮುಚ್ಚಿ, ಊರಿಗೆ ಹೊರಟ ನೇಪಾಳಿ ಕೂಲಿಗಳು ಗಡಿಯ ಹೊಳೆಯ ಈಚೆ ದಡದಲ್ಲೇ ಸಿಕ್ಕಿಬಿದ್ದರು. ಅವರ ಕೈಯಲ್ಲಿದ್ದುದು ಎರಡು ಸರ್ಕಾರಗಳ ಒಪ್ಪಂದ ಮಾತ್ರ. ಆಶ್ರಯ ಕೇಳುವವರ ಕೈಯಲ್ಲಿ ಅದೂ ಇಲ್ಲ.

ಕಾನೂನು ಮಾಡಿದರೆ ಎಲ್ಲರೂ ನುಗ್ಗುತ್ತಾರೆ, ಭದ್ರತೆಗೆ ಅಪಾಯ, ಇಲ್ಲಿಯವರ ಕೆಲಸ ಹೋಗುತ್ತದೆ ಎನ್ನುವವರಿದ್ದಾರೆ. ಈ ಆತಂಕ ಹುಸಿಯಲ್ಲ. ಆದರೆ ಜನ ಬರುವುದು ಕಾಯ್ದೆ ಓದಿಕೊಂಡಲ್ಲ, ಯುದ್ಧ ಮತ್ತು ಹಿಂಸೆಗೆ ಹೆದರಿ. ಯಾರು ಬಂದರು, ಏಕೆ ಬಂದರು ಎಂದು ವಿಚಾರಿಸಿ ದಾಖಲಿಸುವ ವ್ಯವಸ್ಥೆಯಿದ್ದರೆ ಭದ್ರತೆ ಹೆಚ್ಚುತ್ತದೆ. ಹೆಸರಿಲ್ಲದೆ ಅಡಗಿ ಬದುಕುವವರೇ ಹೆಚ್ಚಾದರೆ ಕಡಿಮೆಯಾಗುತ್ತದೆ. ಕೂಲಿ ದರ ಇಳಿಯುವುದೂ ಕಾಗದವಿಲ್ಲದವರನ್ನು ಕಡಿಮೆ ಸಂಬಳಕ್ಕೆ ದುಡಿಸಿಕೊಳ್ಳಲು ಆದಾಗ. ಅವರಿಗೂ ಕನಿಷ್ಠ ವೇತನದ ರಕ್ಷಣೆ ಸಿಕ್ಕರೆ ಸ್ಥಳೀಯ ಕಾರ್ಮಿಕನೂ ಉಳಿಯುತ್ತಾನೆ.

ನಮಗೆ ಬೇಕಾದ ಕಾನೂನು ದೊಡ್ಡದೇನಲ್ಲ. ನಿರಾಶ್ರಿತ ಯಾರು ಎಂಬುದನ್ನು ಧರ್ಮ, ದೇಶ ನೋಡದೆ ಹೇಳಲಿ. ಅರ್ಜಿಗೆ ಕಾಲಮಿತಿ, ಮೇಲ್ಮನವಿಗೆ ಅವಕಾಶ ಇರಲಿ. ಕೊಲ್ಲುವವರ ಕೈಗೆ ಯಾರನ್ನೂ ಹಿಂದಕ್ಕೆ ಒಪ್ಪಿಸಬಾರದೆಂದು ಬರೆಯಲಿ. ಜಾಗ ಕೊಡುವ ರಾಜ್ಯದ ಖರ್ಚಿನಲ್ಲಿ ಕೇಂದ್ರ ಪಾಲು ಹೊರಲಿ. ನಮ್ಮ ಸಂಸದರು ಮತ ಕೇಳಲು ಬಂದಾಗ ರಸ್ತೆ, ನೀರಿನ ಜೊತೆಗೆ ಈ ಪ್ರಶ್ನೆಯನ್ನೂ ಅವರ ಮುಂದಿಡೋಣ. ಬೈಲುಕುಪ್ಪೆಗೆ ನೆಲ ಕೊಟ್ಟ ನಾಡಿನ ಮತದಾರರಿಗೆ ಅದನ್ನು ಕೇಳುವ ಅಧಿಕಾರವಿದೆ.