ಗೇಮ್ ಬ್ಯಾಕಪ್‌ಗೆ ಮದುವೆ ವಿಡಿಯೋ ಇರುವ ಡಿಸ್ಕ್ ಮುಟ್ಟಬೇಡಿ

ಸೆಕೆಂಡ್ ಹ್ಯಾಂಡ್ ಪಿಎಸ್4 ಈಗ ಹಳ್ಳಿಮನೆಗೂ ಬಂದಿದೆ. ಜೊತೆಗೇ ಒಂದು ಪ್ರಶ್ನೆಯೂ ಬಂದಿದೆ: "ಹಾರ್ಡ್ ಡಿಸ್ಕ್ ಲ್ಯಾಪ್‌ಟಾಪಲ್ಲಿ ಕಾಣುತ್ತೆ, ಪಿಎಸ್4ಗೆ ಹಾಕಿದ್ರೆ ಕಾಣಲ್ಲ, ಯಾಕೆ?"

ಡಿಸ್ಕ್ ಕೆಟ್ಟಿಲ್ಲ, ಅದರ ಫೈಲ್ ಸಿಸ್ಟಮ್ ಬೇರೆ, ಅಷ್ಟೇ. ಡಿಸ್ಕ್ ಒಂದು ಜಮೀನು ಅಂದುಕೊಳ್ಳಿ. ಯಾವ ಸರ್ವೆ ನಂಬರ್ ಎಲ್ಲಿಂದ ಎಲ್ಲಿಗೆ ಅಂತ ಬರೆದಿಟ್ಟ ಪುಸ್ತಕವೇ ಫೈಲ್ ಸಿಸ್ಟಮ್. ವಿಂಡೋಸ್ ಲ್ಯಾಪ್‌ಟಾಪ್ ಬಳಸುವ ಎನ್‌ಟಿಎಫ್‌ಎಸ್ ಪುಸ್ತಕವನ್ನು ಪಿಎಸ್4 ಓದುವುದಿಲ್ಲ. ಅದಕ್ಕೆ ಬೇಕಾದ್ದು ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್. ಹಳೆಯ ಪಿಎಸ್3 ಇದ್ದರೆ ಫ್ಯಾಟ್32 ಒಂದೇ ಗತಿ.

ಫ್ಯಾಟ್32ನಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಕೂರುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಆ ತೊಂದರೆ ಇಲ್ಲ. ಹಾಗಾಗಿ "ಕಣ್ಣುಮುಚ್ಚಿ ಎಕ್ಸ್‌ಫ್ಯಾಟ್ ಹಾಕಿ" ಅನ್ನುವ ಸಲಹೆಯೇ ಎಲ್ಲ ಕಡೆ. ಕಣ್ಣುಮುಚ್ಚಿ ಅನ್ನುವುದಕ್ಕೆ ಮಾತ್ರ ನನ್ನ ತಕರಾರು.

ಕಾರಣ ನಮ್ಮ ಕರೆಂಟು. ಎನ್‌ಟಿಎಫ್‌ಎಸ್ ತಾನು ಮಾಡುವ ಬದಲಾವಣೆಯನ್ನು ಮೊದಲು ಚೀಟಿಯಲ್ಲಿ ಗುರುತು ಹಾಕಿಕೊಂಡು ಆಮೇಲೆ ಪುಸ್ತಕಕ್ಕೆ ಏರಿಸುತ್ತದೆ. ಎಕ್ಸ್‌ಫ್ಯಾಟ್, ಫ್ಯಾಟ್32 ಎರಡಕ್ಕೂ ಆ ಚೀಟಿ ಇಲ್ಲ. ಬರೆಯುವ ನಡುವೆ ಕರೆಂಟ್ ಹೋದರೆ ಅಥವಾ ಕೇಬಲ್ ಎಳೆದರೆ ಪುಸ್ತಕದ ಲೆಕ್ಕವೇ ತಪ್ಪಬಹುದು. ಆಗ ಹೋಗುವುದು ಆ ಒಂದು ಗೇಮ್ ಫೈಲ್ ಮಾತ್ರ ಅಂತ ಹೇಳಲಾಗದು, ಅದೇ ಡಿಸ್ಕಿನ ಬೇರೆ ಫೈಲುಗಳಿಗೂ ಏಟು ಬೀಳಬಹುದು.

ಇನ್ನೂ ದೊಡ್ಡ ಅಪಾಯ ಫಾರ್ಮ್ಯಾಟ್ ಬಟನ್. ಫೈಲ್ ಸಿಸ್ಟಮ್ ಬದಲಿಸುವುದು ಅಂದರೆ ಡಿಸ್ಕ್ ಖಾಲಿ ಮಾಡುವುದು ಎಂದೇ ಲೆಕ್ಕ. ಮನೆಯಲ್ಲಿ ಇರುವುದು ಒಂದೇ ಹಾರ್ಡ್ ಡಿಸ್ಕ್, ಅದರಲ್ಲಿ ಅಕ್ಕನ ಮದುವೆ ವಿಡಿಯೋ, ತೀರಿಹೋದ ಅಜ್ಜನ ಫೋಟೋ. ಸ್ಟುಡಿಯೋದವರು ವರ್ಷಗಟ್ಟಲೆ ಕಾಪಿ ಇಟ್ಟುಕೊಂಡಿರುತ್ತಾರೆ ಅಂತ ನಂಬಬೇಡಿ. ಗೇಮ್ ಮತ್ತೆ ಡೌನ್‌ಲೋಡ್ ಆಗುತ್ತದೆ, ಅಜ್ಜನ ಫೋಟೋ ಆಗುವುದಿಲ್ಲ.

ಪಿಎಸ್4 ಮೆನುವಿನಲ್ಲಿ "ಎಕ್ಸ್‌ಟೆಂಡೆಡ್ ಸ್ಟೋರೇಜ್ ಆಗಿ ಫಾರ್ಮ್ಯಾಟ್" ಅನ್ನುವುದೂ ಇದೆ. ಬಹಳ ಜನ ಇದನ್ನೇ ಬ್ಯಾಕಪ್ ಅಂದುಕೊಂಡಿದ್ದಾರೆ. ಅಲ್ಲ. 250 ಜಿಬಿಯಿಂದ 8 ಟಿಬಿವರೆಗಿನ ಯುಎಸ್‌ಬಿ 3.0 ಡಿಸ್ಕನ್ನು ಅದು ಅಳಿಸಿ, ಗೇಮ್ ತುಂಬುವ ಉಗ್ರಾಣ ಮಾಡಿಕೊಳ್ಳುತ್ತದೆ. ಆಮೇಲೆ ಲ್ಯಾಪ್‌ಟಾಪ್‌ಗೆ ಅದು ಓದಲು ಬರುವುದಿಲ್ಲ. ನೀವು ಆಡಿ ಗೆದ್ದ ಸೇವ್ ಡೇಟಾ ಅದರೊಳಗೆ ಹೋಗುವುದೇ ಇಲ್ಲ, ಪಿಎಸ್4 ಹೊಟ್ಟೆಯಲ್ಲೇ ಉಳಿಯುತ್ತದೆ.

ಅಸಲಿಗೆ ಉಳಿಸಿಕೊಳ್ಳಬೇಕಾದ್ದು ಆ ಸೇವ್ ಡೇಟಾ. ಅದಕ್ಕೆ ಟೆರಾಬೈಟ್ ಡಿಸ್ಕ್ ಯಾಕೆ? ಒಂದು ಸಾಧಾರಣ ಪೆನ್‌ಡ್ರೈವ್ ಸಾಕು, ಫ್ಯಾಟ್32 ಆದರೂ ಸರಿ, ಎಕ್ಸ್‌ಫ್ಯಾಟ್ ಆದರೂ ಸರಿ. ಸೆಟ್ಟಿಂಗ್ಸ್‌ನಲ್ಲಿ ಅಪ್ಲಿಕೇಶನ್ ಸೇವ್ಡ್ ಡೇಟಾ ಮ್ಯಾನೇಜ್‌ಮೆಂಟ್ ತೆರೆದು ಯುಎಸ್‌ಬಿಗೆ ಕಾಪಿ ಕೊಡಿ. ದುಡ್ಡು ಕಟ್ಟುವ ಪ್ಲಸ್ ಸದಸ್ಯತ್ವ ಇದಕ್ಕೆ ಬೇಡ. ವಾಪಸ್ ಹಾಕುವಾಗ ಮಾತ್ರ ಅದೇ ಅಕೌಂಟ್ ಇರಬೇಕು, ಗೆಳೆಯನ ಅಕೌಂಟಿನಲ್ಲಿ ನಡೆಯದು.

ಪೂರ್ತಿ ಬ್ಯಾಕಪ್ಪೇ ಬೇಕು ಅನ್ನುವವರು ಎಕ್ಸ್‌ಫ್ಯಾಟ್ ಮಾಡಿದ ಬೇರೆಯದೇ ಡಿಸ್ಕ್ ಇಟ್ಟುಕೊಳ್ಳಿ. ಬ್ಯಾಕಪ್ ಗಂಟೆಗಟ್ಟಲೆ ಹಿಡಿಯಬಹುದು, ನಿಮ್ಮೂರಲ್ಲಿ ಕರೆಂಟ್ ನಿಲ್ಲುವ ಹೊತ್ತು ನೋಡಿಕೊಂಡು ಶುರು ಮಾಡಿ. ಟ್ರೋಫಿಗಳು ಅದರಲ್ಲಿ ಸೇರುವುದಿಲ್ಲ. ಅವನ್ನು ಮೊದಲೇ ನೆಟ್ ಹಾಕಿಕೊಂಡು ಸಿಂಕ್ ಮಾಡಿಬಿಡಿ.