ಭೀಮವ್ವ ಅನ್ನಾಕ ನಾಚಿಕೆ ಯಾಕ?

ನಮ್ಮ ಊರಾಗ ಈಗ ಹೆಣ್ಣುಕೂಸಿಗೆ ಭೀಮವ್ವ ಎಂಬ ಹೆಸರು ಬ್ಯಾಡಂತ. ‘ಅದು ಕೂಲಿ ಮಂದಿ ಹೆಸರು’ ಅಂತಾರ. ಹಂಗಂದವರಿಗೆ ನಾ ಕೇಳೂದು ಇಷ್ಟು.

ಭೀಮ ಅಂದರೆ ಎದುರಿನವರು ಅಂಜುವಂಥ ಬಲ. ಅವ್ವ ಅಂದರೆ ತಾಯಿ. ಇದರಾಗ ಕೀಳು ಯಾವುದು? ಕೆಲವರು ಭೀಮರಾಯಗ, ಅಂದರೆ ಹಣಮಪ್ಪಗ, ಹರಕೆ ಹೊತ್ತು ಈ ಹೆಸರಿಟ್ಟರು. ಕೆಲವರು ಭೀಮಾ ಹೊಳಿ ನೆನೆದು ಇಟ್ಟರು. ಮಹಾರಾಷ್ಟ್ರದ ಭೀಮಾಶಂಕರದಾಗ ಹುಟ್ಟಿದ ಆ ಹೊಳಿ 861 ಕಿಲೋಮೀಟರ್ ಹರಿದು ನಮ್ಮ ಮಖ್ತಲ್ ಸೀಮೆಯ ತಂಗಿಡಿ ಹತ್ತಿರವೇ ಕೃಷ್ಣೆಯನ್ನು ಕೂಡ್ತದ. ಅದರ ನೀರು ಬೇಕು, ಹೆಸರು ಬ್ಯಾಡೇನು?

ಗಡಿಯಾಗ ತೆಲುಗು ದಾಖಲೆಯೊಳಗ ಭೀಮವ್ವ ಭೀಮಮ್ಮ ಆದರೂ ಚಿಂತಿಲ್ಲ, ಎರಡೂ ತಾಯಿಯೇ. ಆದರ ಫೋನಿನಾಗ ಹುಡುಕಿ, ಅಜ್ಜಿ ನಾಲಿಗೆಗೆ ಹೊರಳದ ಹೆಸರಿಟ್ಟವರಿಗೆ ಅರ್ಥ ಕೇಳಿದರೆ ತಲಿ ಕೆರಕೋತಾರ.

ಕೊಪ್ಪಳ ಜಿಲ್ಲೆ ಮೋರನಾಳದ ತೊಗಲುಗೊಂಬಿ ಆಟದ ಭೀಮವ್ವ ಶಿಳ್ಳೇಕ್ಯಾತರಿಗೆ 2025ರಲ್ಲಿ ಪದ್ಮಶ್ರೀ ಬಂತು. ಅವರು ಹೆಸರು ಬದಲು ಮಾಡಿಕೊಂಡು ದೊಡ್ಡವರಾಗಲಿಲ್ಲ.

ಕೂಲಿ ಮಂದಿ ಹೆಸರೇ ಆಗಲಿ, ತಪ್ಪೇನು? ನಾಟಿ ಹಚ್ಚಿದವರು, ಕಳಿ ಕಿತ್ತವರು ಆ ಭೀಮವ್ವಗಳೇ. ಅವರು ಬೆಳೆದ ಅನ್ನ ಉಂಡ ಬಾಯಿಗೆ ಅವರ ಹೆಸರು ಹೇಳಾಕ ನಾಚಿಕೆ ಆಗಬಾರದು.