ವಯಸ್ಸು ಪ್ರಮಾಣವಲ್ಲ

ಸಂಗೀತದ ವಿಷಯದಲ್ಲಿ ತಂದೆಗೂ ಮಗನಿಗೂ ವಿವಾದ ಹುಟ್ಟಿದಾಗ ಇಬ್ಬರೂ ಪ್ರಾಯಶಃ ಒಂದೇ ಪ್ರಮಾಣವನ್ನು ಮುಂದಿಡುತ್ತಾರೆ; ಅದು ತಮ್ಮ ತಮ್ಮ ವಯಸ್ಸು. ‘ನಾನು ಹಿರಿಯ, ಆದುದರಿಂದ ಬಲ್ಲೆ’ ಎಂದು ಒಬ್ಬನ ವಾದ. ‘ನಾನು ಕಿರಿಯ, ಆದುದರಿಂದ ಕಾಲವು ನನ್ನದು’ ಎಂದು ಇನ್ನೊಬ್ಬನದು. ಈ ವ್ಯಾಜ್ಯದಲ್ಲಿ ಇಂದಿಗೂ ಸಾಕ್ಷಿಗೆ ಕರೆಯಲ್ಪಡುವುವು 1955ರಿಂದ ಮೊದಲಾಗಿ ಎರಡು ಮೂರು ವರ್ಷಗಳಲ್ಲಿ ಅಮೆರಿಕದಲ್ಲಿ ಹೊರಬಂದ ‘ರಾಕ್ ಅಂಡ್ ರೋಲ್’ ವಾಕ್ಚಿತ್ರಗಳು. ಅವು ತರುಣರ ವಿಜಯಪತಾಕೆಗಳೆಂದು ಒಂದು ಪಕ್ಷ. ತರುಣರು ಕೆಟ್ಟುದಕ್ಕೆ ಅವೇ ಮೂಲವೆಂದು ಇನ್ನೊಂದು ಪಕ್ಷ. ಈ ಎರಡೂ ಅಸಾಧುವೆಂದೂ, ಆ ಚಿತ್ರಗಳಲ್ಲಿ ಗೆದ್ದ ವಾದವು ವಾದವೇ ಅಲ್ಲವೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ನಡೆದುದನ್ನು ನೋಡೋಣ. ಬಿಲ್ ಹೇಲಿ ಎಂಬ ಗಾಯಕನು ತನ್ನ ಮೇಳದೊಡನೆ ‘ರಾಕ್ ಅರೌಂಡ್ ದಿ ಕ್ಲಾಕ್’ ಎಂಬ ಹಾಡನ್ನು 1954ರ ಏಪ್ರಿಲಿನಲ್ಲಿ ಧ್ವನಿಮುದ್ರಿಸಿದನು. ಆಗ ಅದನ್ನು ಗಮನಿಸಿದವರು ಹೆಚ್ಚಿಲ್ಲ. ಮರುವರ್ಷ ‘ಬ್ಲಾಕ್‌ಬೋರ್ಡ್ ಜಂಗಲ್’ ಎಂಬ ಚಿತ್ರದ ಆರಂಭದಲ್ಲಿ ಅದನ್ನೇ ನುಡಿಸಿದರು. 1955ರ ಜುಲೈ ವೇಳೆಗೆ ಹಾಡು ಆ ದೇಶದ ಜನಪ್ರಿಯತೆಯ ಪಟ್ಟಿಯಲ್ಲಿ ಅಗ್ರಸ್ಥಾನಕ್ಕೇರಿತು. ಚಿತ್ರದ ಕಥೆಯಾದರೋ ಪಾಠಶಾಲೆಯದು. ಉಪಾಧ್ಯಾಯನೊಬ್ಬನು ವರ್ಷಗಟ್ಟಲೆ ಪ್ರೀತಿಯಿಂದ ಕೂಡಿಟ್ಟ ಜಾಜ್ ಸಂಗೀತದ ಗ್ರಾಮಾಫೋನ್ ತಟ್ಟೆಗಳನ್ನು ತರಗತಿಗೆ ತರುತ್ತಾನೆ. ಹುಡುಗರು ಅವನ್ನು ಅವನ ಕಣ್ಣೆದುರಿಗೇ ಎಸೆದಾಡಿ ಒಡೆದುಹಾಕುತ್ತಾರೆ.

ತರಗತಿಯಲ್ಲಿಯೇ ತಲೆ ನರೆತ ನನ್ನಂಥವನಿಗೆ ಈ ದೃಶ್ಯವು ಕರುಳು ಹಿಂಡುವಂಥದು. ಆದರೆ ಕರುಳು ಹಿಂಡಿದ ಮಾತ್ರಕ್ಕೆ ನಿರ್ಣಯವಾಗದು. ಆ ಹುಡುಗರು ಒಡೆದ ಜಾಜ್ ಸಂಗೀತವೇ ಒಂದು ಕಾಲಕ್ಕೆ ಯೌವನವನ್ನು ಕೆಡಿಸುವ ಪಾಪವೆನಿಸಿಕೊಂಡಿತ್ತು. 1921ರಲ್ಲಿ ಅಮೆರಿಕದ ಪ್ರಸಿದ್ಧವಾದ ಮಹಿಳಾ ಮಾಸಪತ್ರಿಕೆಯೊಂದು ಜಾಜ್‌ನ ಲಯದಲ್ಲಿ ಪಾಪವಡಗಿದೆಯೆ ಎಂದು ಕೇಳಿ ಲೇಖನವನ್ನೇ ಪ್ರಕಟಿಸಿತು. ಮೂವತ್ತನಾಲ್ಕು ವರ್ಷಗಳಲ್ಲಿ ಪಾಪವು ಸಂಸ್ಕಾರವಾಯಿತು! ಸಂಗೀತವು ಬದಲಾಯಿತೆ? ಇಲ್ಲ, ಅದನ್ನು ಕೇಳುತ್ತಿದ್ದವರಿಗೆ ವಯಸ್ಸಾಯಿತು, ಅಷ್ಟೆ.

ಹಾಡಿಗೆ ಬಂದ ಭಾಗ್ಯವನ್ನು ಕಂಡು ಸ್ಯಾಮ್ ಕಾಟ್ಜ್‌ಮನ್ ಎಂಬ ನಿರ್ಮಾಪಕನು 1956ರಲ್ಲಿ ಅದೇ ಹೆಸರಿನ ಚಿತ್ರವೊಂದನ್ನು ಅಲ್ಪವೆಚ್ಚದಲ್ಲಿ ತೆಗೆದನು. ಸಣ್ಣ ಊರೊಂದರ ವಾದ್ಯಮೇಳವು ಪ್ರಸಿದ್ಧಿಗೆ ಬರುವ ಸಾಧುವಾದ ಕಥೆ ಅದು. ಆದರೂ ಆ ವರ್ಷದ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಚಿತ್ರಮಂದಿರಗಳಲ್ಲಿ ತರುಣರು ಎದ್ದು ಕುಣಿದರು, ಕೆಲವೆಡೆ ದೊಂಬಿಯೂ ಆಯಿತು. ಹಲವು ಊರುಗಳ ಅಧಿಕಾರಿಗಳು ಚಿತ್ರವನ್ನೇ ನಿಷೇಧಿಸಿದರು. ದೊಂಬಿ ಮಾಡಿದವರನ್ನು ದಂಡಿಸುವುದು ನ್ಯಾಯ. ಹಾಡನ್ನು ದಂಡಿಸುವುದು ಯಾವ ನ್ಯಾಯ?

ಇನ್ನು ತರುಣರ ಪರವಾಗಿ ಆ ಚಿತ್ರಗಳು ಹೂಡಿದ ವಾದವನ್ನು ಪರೀಕ್ಷಿಸೋಣ. ಅದೇ ವರ್ಷ ಹೊರಬಂದ ‘ಡೋಂಟ್ ನಾಕ್ ದಿ ರಾಕ್’ ಚಿತ್ರದಲ್ಲಿ ಹೆಸರುವಾಸಿಯಾದ ಗಾಯಕನು ಹುಟ್ಟೂರಿಗೆ ಬಂದರೆ ಅಲ್ಲಿಯ ಹಿರಿಯರು ಅವನ ಸಂಗೀತವನ್ನು ಖಂಡಿಸುತ್ತಾರೆ. ‘ಶೇಕ್, ರಾಟಲ್ ಅಂಡ್ ರಾಕ್’ ಚಿತ್ರದಲ್ಲಿ ಈ ಸಂಗೀತದ ಮೇಲೆ ಟೆಲಿವಿಷನ್ನಿನಲ್ಲಿ ವಿಚಾರಣೆಯೇ ನಡೆಯುತ್ತದೆ. ಎರಡರಲ್ಲಿಯೂ ಪರಿಹಾರ ಒಂದೇ: ಹಿರಿಯರು ತಮ್ಮ ಯೌವನದಲ್ಲಿ ಕುಣಿದ ಚಾರ್ಲ್‌ಸ್ಟನ್ ಮೊದಲಾದ ಕುಣಿತಗಳನ್ನು ಅವರಿಗೇ ತೋರಿಸುವುದು. ಹಿರಿಯರು ನಾಚುತ್ತಾರೆ, ಮೊಕದ್ದಮೆ ಮುಗಿಯುತ್ತದೆ.

ಗೌತಮಮುನಿಯ ನ್ಯಾಯಸೂತ್ರಗಳಲ್ಲಿ ವಾದಿಯು ಸೋತನೆಂದು ನಿರ್ಣಯಿಸತಕ್ಕ 22 ನಿಗ್ರಹಸ್ಥಾನಗಳನ್ನು ಹೇಳಿದೆ. ಅವುಗಳಲ್ಲಿ ಮತಾನುಜ್ಞೆಯೆಂಬುದೊಂದು. ತನ್ನ ಪಕ್ಷದ ದೋಷವನ್ನು ನಿವಾರಿಸದೆ, ಅದೇ ದೋಷವು ನಿನ್ನಲ್ಲಿಯೂ ಇದೆ ಎನ್ನುವವನು ತನ್ನ ದೋಷವನ್ನು ಒಪ್ಪಿಕೊಂಡಂತಾಯಿತು. ‘ನೀನು ಕಳ್ಳ’ ಎಂದರೆ ‘ನೀನೂ ಕಳ್ಳನೇ’ ಎಂದಂತೆ. ಇದರಿಂದ ಇಬ್ಬರು ಕಳ್ಳರು ಸಿದ್ಧರಾದರೇ ಹೊರತು ಒಬ್ಬ ಸಾಧುವೂ ಸಿದ್ಧನಾಗಲಿಲ್ಲ. ಈ ಸಂಗೀತದ ಲಯದಲ್ಲಿ ಇಂಥ ಸತ್ತ್ವವಿದೆ, ಈ ಕಂಠದಲ್ಲಿ ಇಂಥ ಗುಣವಿದೆ ಎಂದು ಆ ಚಿತ್ರಗಳು ಸಾಧಿಸಬೇಕಾಗಿತ್ತು. ಅದನ್ನು ಬಿಟ್ಟು, ಯೌವನದಲ್ಲಿ ಎಲ್ಲರೂ ಹೀಗೆಯೇ ಎಂದು ಕೈತೊಳೆದುಕೊಂಡವು. ತರುಣರನ್ನು ಗೆಲ್ಲಿಸಿದಂತೆ ಮಾಡಿ ಅವರ ಸಂಗೀತವನ್ನು ಸೋಲಿಸಿದವು.

ಈ ಸುಲಭವಾದ ರಾಜಿಯು ಮತ್ತೊಂದು ಸಂಗತಿಯನ್ನೂ ಮುಚ್ಚಿತು. ರಾಕ್ ಅಂಡ್ ರೋಲ್ ಬಹುಮಟ್ಟಿಗೆ ಅಮೆರಿಕದ ಕಪ್ಪು ಜನಾಂಗದವರ ಹಾಡುಗಾರಿಕೆಯಿಂದ ಹುಟ್ಟಿದುದು. ಈ ಚಿತ್ರಗಳಲ್ಲಿ ಲಿಟಲ್ ರಿಚರ್ಡ್, ಫ್ಯಾಟ್ಸ್ ಡಾಮಿನೊ ಮುಂತಾದವರು ಬಂದು ಹಾಡುತ್ತಾರೆ. ಆದರೆ ಹಿರಿಯರ ಮತ್ತು ಕಿರಿಯರ ಕಲಹವೆಲ್ಲ ಬಿಳಿಯರ ಮನೆಗಳದು. ಹೊರಗೆ ನಡೆದುದೇನು? 1956ರ ಏಪ್ರಿಲ್ 10ರಂದು ಅಲಬಾಮಾ ಸಂಸ್ಥಾನದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ನ್ಯಾಟ್ ಕಿಂಗ್ ಕೋಲ್ ಎಂಬ ಕಪ್ಪು ಗಾಯಕನು ಹಾಡುತ್ತಿದ್ದಾಗ ಕೆಲವರು ಬಿಳಿಯರು ವೇದಿಕೆಗೆ ನುಗ್ಗಿ ಅವನ ಮೇಲೆ ಕೈಮಾಡಿದರು. ಆತನ ಹಾಡು ರಾಕ್ ಅಂಡ್ ರೋಲ್ ಆಗಿರಲಿಲ್ಲ; ಹಿರಿಯರೂ ಮೆಚ್ಚುವ ಮೃದುವಾದ ಗಾನ. ಸಂಗೀತವೇ ಅಪರಾಧಿಯಾಗಿದ್ದರೆ ಅವನಿಗೇಕೆ ಪೆಟ್ಟು? ಅಲ್ಲಿ ‘ಮಕ್ಕಳ ಶೀಲ’ ಎಂಬ ಮಾತಿನ ಹಿಂದೆ ಎಷ್ಟೋ ಜನರಲ್ಲಿ ವರ್ಣದ್ವೇಷವು ಅಡಗಿತ್ತು. ಅದನ್ನು ವಯಸ್ಸಿನ ಜಗಳವೆಂದು ತೋರಿಸಿ ನಗಿಸಿದುದು ಸತ್ಯಕ್ಕೆ ಮಾಡಿದ ಅಪಚಾರ.

‘ಹಾಗಾದರೆ ಕೆಟ್ಟ ಸಂಗೀತವೇ ಇಲ್ಲವೆ? ಹಿರಿಯರು ಬಾಯಿ ಮುಚ್ಚಿಕೊಂಡಿರಬೇಕೆ?’ ಎಂದು ವಾಚಕರು ಆಕ್ಷೇಪಿಸಬಹುದು. ಕೆಟ್ಟ ಸಂಗೀತವು ಅವಶ್ಯವಾಗಿ ಇದೆ. ಆ ಚಿತ್ರಗಳಲ್ಲಿಯೇ ಹಾಡಿನಿಂದ ಹಾಡಿಗೆ ದಾಟಲು ಹೊಲಿದ ಕಥೆಗಳು ಎಷ್ಟು ಸಡಿಲವೆಂಬುದು ನೋಡಿದವರಿಗೆ ಗೊತ್ತು. ಆದರೆ ಕೆಟ್ಟುದನ್ನು ಕೆಟ್ಟುದೆನ್ನಲು ಕಿವಿಗೊಟ್ಟಿರಬೇಕು. ಯಾವುದು ಕೆಟ್ಟಿದೆಯೆಂದು ಬೆರಳಿಟ್ಟು ತೋರಿಸಬೇಕು. ಶ್ರುತಿ ತಪ್ಪಿದೆಯೆ? ಲಯ ಜಾರಿದೆಯೆ? ಮಾತು ಹೊಲಸಾಗಿದೆಯೆ? ಇವಕ್ಕೆ ಉತ್ತರ ಹೇಳಲಾರದವನು ನರೆಗೂದಲನ್ನು ತೋರಿಸಿದರೆ ಅದು ತೀರ್ಪಾಗದು. ಕಿರಿಯನು ಮೀಸೆಯ ಚಿಗುರನ್ನು ತೋರಿಸಿದರೂ ಆಗದು.

ಭಾಸಾದಿಗಳು ಪ್ರಸಿದ್ಧರಾಗಿರಲು ಈಗಿನವನಾದ ಕಾಳಿದಾಸನಿಗೆ ಏಕಿಷ್ಟು ಮನ್ನಣೆಯೆಂಬ ಪ್ರಶ್ನೆ ‘ಮಾಲವಿಕಾಗ್ನಿಮಿತ್ರ’ದ ಪ್ರಸ್ತಾವನೆಯಲ್ಲಿ ಬರುತ್ತದೆ. ಹಳೆಯದೆಂಬುದರಿಂದ ಒಳ್ಳೆಯದಾಗದು, ಹೊಸದೆಂಬುದರಿಂದ ಹೀನವಾಗದು, ಬಲ್ಲವರು ಪರೀಕ್ಷಿಸಿ ಸ್ವೀಕರಿಸುತ್ತಾರೆಂಬುದೇ ಅಲ್ಲಿ ಕೊಟ್ಟ ಉತ್ತರದ ತಾತ್ಪರ್ಯ. ಕವಿಕುಲಗುರುವೂ ಒಮ್ಮೆ ನಿನ್ನೆಮೊನ್ನೆಯ ಹುಡುಗನಾಗಿದ್ದನೆಂಬುದನ್ನು ನಾವು ಮರೆಯಬಾರದು. 1956ರಲ್ಲಿ ಚಿತ್ರಮಂದಿರದಲ್ಲಿ ಕುಣಿದ ತರುಣರಲ್ಲಿ ಉಳಿದವರು ಈಗ 80 ದಾಟಿದ ವೃದ್ಧರು. ಅವರಲ್ಲಿ ಮೊಮ್ಮಕ್ಕಳ ಹಾಡನ್ನು ಕೇಳದೆಯೇ ಹಳಿಯುವವರಿದ್ದರೆ, ತಮ್ಮನ್ನು ಹಳಿದವರ ಪೀಠದಲ್ಲಿಯೇ ಕುಳಿತಿದ್ದಾರೆ.

ಆದುದರಿಂದ ಮಹಾಶಯರೆ, ಮಗನ ಹಾಡನ್ನು ಒಮ್ಮೆ ಪೂರ್ತಿಯಾಗಿ ಕೇಳಿ, ಅನಂತರ ಮಾತನಾಡೋಣ. ನಮ್ಮದನ್ನೂ ಅವನು ಹಾಗೆಯೇ ಕೇಳಲೆಂದು ವಿಧಿಸೋಣ. ಚಿತ್ರದ ಆ ಉಪಾಧ್ಯಾಯನು ತನ್ನ ತಟ್ಟೆಗಳನ್ನು ತರುವುದಕ್ಕೆ ಮೊದಲು ‘ನಿಮ್ಮದೊಂದನ್ನು ತನ್ನಿ, ಕೇಳೋಣ’ ಎಂದಿದ್ದರೆ ಹುಡುಗರು ಒಡೆಯುತ್ತಲೇ ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ಒಡೆಯುವ ಕೈಗೆ ತಾನು ಒಡೆಯುತ್ತಿರುವುದೇನೆಂಬುದು ತಿಳಿದಿರುತ್ತಿತ್ತು.